ಅಡಿಕೆ ಮರದಿಂದ ಬಿದ್ದವರ ನಾಲಿಗೆ ಎಡಕ್ಕೆ ವಾಲುತ್ತಿದೆ: ಸಿ.ಟಿ.ಯಲ್ಲಿ ಏನು ತಪ್ಪಿಹೋಗಿರಬಹುದು?

ಪ್ರಶ್ನೆ (ತುರ್ತು ವಿಭಾಗದ ಕಿರಿಯ ವೈದ್ಯ, ಮಲೆನಾಡು)

ಕೊಯ್ಲಿನ ವೇಳೆ ಅಡಿಕೆ ಮರದಿಂದ ಜಾರಿಬಿದ್ದ ಕೊನೆಗೌಡರೊಬ್ಬರನ್ನು ಮೂರು ದಿನಗಳ ಹಿಂದೆ ನಮ್ಮಲ್ಲಿಗೆ ಕರೆತಂದರು. ಪ್ರಜ್ಞೆ ಸ್ಪಷ್ಟವಾಗಿತ್ತು, ಕೈಕಾಲುಗಳಲ್ಲಿ ಬಲವಿತ್ತು. ತಲೆಯ ಸಿ.ಟಿ.ಯಲ್ಲಿ ರಕ್ತಸ್ರಾವವಿರಲಿಲ್ಲ, ಕತ್ತಿನ ಎಕ್ಸ್‌ರೇಯೂ ಸಹಜವೆಂದು ವರದಿ ಬಂದುದರಿಂದ ನಾನೇ ಕಾಲರ್ ತೆಗೆಸಿದೆ. ಆದರೆ ಬುರುಡೆಯ ಬುಡದ ನೋವು ಇಳಿಯಲೇ ಇಲ್ಲ. ಇಂದು ಬೆಳಿಗ್ಗೆ ನಾಲಿಗೆ ಚಾಚಲು ಹೇಳಿದಾಗ ಅದು ಎಡಕ್ಕೆ ವಾಲಿತು. ಕಾಲರ್ ಮತ್ತೆ ಹಾಕಿಸಿದ್ದೇನೆ. ಇನ್ನೊಂದು ಸ್ಕ್ಯಾನ್ ಬೇಕೇ, ಬೇಕಾದರೆ ಯಾವುದು?

ಉತ್ತರ 1 (ರೇಡಿಯಾಲಜಿಸ್ಟ್)

ಕಾಲರ್ ಮತ್ತೆ ಹಾಕಿಸಿದ್ದು ಒಳ್ಳೆಯದಾಯಿತು. ಎಡಗಡೆಯ ಆಕ್ಸಿಪಿಟಲ್ ಕಾಂಡೈಲ್ (ಬುರುಡೆಯ ತಳದ ಮೂಳೆಯುಬ್ಬು) ಮುರಿದಿದೆಯೇ ಎಂದು ಮೊದಲು ನೋಡಿ. ಬುರುಡೆ ಕತ್ತಿನ ಮೊದಲ ಮೂಳೆಯಾದ ಅಟ್ಲಾಸ್ ಮೇಲೆ ಕೂರುವುದು ಎಡಬಲದ ಈ ಎರಡು ಉಬ್ಬುಗಳ ಮೂಲಕ. ನಾಲಿಗೆಯನ್ನು ಆಡಿಸುವ ಹೈಪೋಗ್ಲಾಸಲ್ ನರ ಅವುಗಳ ಮೇಲ್ಭಾಗದಲ್ಲೇ ಇರುವ ಕಾಲುವೆಯಿಂದ ಹೊರಬರುತ್ತದೆ, ಮತ್ತು ನರ ಸೋತ ಕಡೆಗೇ ನಾಲಿಗೆ ವಾಲುತ್ತದೆ. ಎಕ್ಸ್‌ರೇಯಲ್ಲಿ ದವಡೆಯ ಮತ್ತು ಕಿವಿಯ ಹಿಂದಿನ ಮ್ಯಾಸ್ಟಾಯ್ಡ್ ಮೂಳೆಯ ನೆರಳು ಈ ಜಾಗವನ್ನು ಮುಚ್ಚಿಬಿಡುತ್ತದೆ. ದಪ್ಪ ಪದರದ ತಲೆಯ ಸಿ.ಟಿ.ಯಲ್ಲಿ ಕಾಂಡೈಲ್ ಚಿತ್ರದ ಕೊನೆಯ ಅಂಚಿಗೆ ಬರುತ್ತದೆ, ಮಿದುಳಿನಲ್ಲಿ ರಕ್ತ ಹುಡುಕುತ್ತಿರುವವರ ಕಣ್ಣು ಅಷ್ಟು ಕೆಳಗೆ ಇಳಿಯುವುದಿಲ್ಲ.

ಹೊಸ ಸ್ಕ್ಯಾನಿಗೆ ಮೊದಲು ಟೆಕ್ನಿಷಿಯನ್ ಬಳಿ ವಿಚಾರಿಸಿ. ಹಳೆಯ ಸ್ಕ್ಯಾನಿನ ತೆಳು ಪದರಗಳು ಯಂತ್ರದಲ್ಲಿ ಅಳಿಯದೆ ಉಳಿದಿದ್ದು, ಅಟ್ಲಾಸ್‌ವರೆಗೂ ಚಿತ್ರ ಬಂದಿದ್ದರೆ, ಅದರಿಂದಲೇ ಕೊರೊನಲ್ (ಎದುರಿನಿಂದ ಕಾಣುವ) ಮತ್ತು ಸ್ಯಾಜಿಟಲ್ (ಪಕ್ಕದಿಂದ ಕಾಣುವ) ಚಿತ್ರಗಳನ್ನು ಮಾಡಿಸಬಹುದು. ಇಲ್ಲದಿದ್ದರೆ ಬುರುಡೆಯ ತಳದಿಂದ ಕೆಳಗೆ, 1 ಮಿ.ಮೀ. ಅಥವಾ ಅದಕ್ಕಿಂತ ತೆಳುವಾದ ಪದರಗಳ ಕತ್ತಿನ ಸಿ.ಟಿ. ಮಾಡಿಸಿ. ಚೂರಿನ ಅಂಚು ನುಣುಪಾಗಿ ದುಂಡಗಿದ್ದರೆ ಅದು ಹುಟ್ಟಿನಿಂದಲೇ ಇರುವ ಬಿಡಿಮೂಳೆಯಾಗಿರಬಹುದು. ಹೊಸ ಮುರಿತದ ಅಂಚು ಒರಟಾಗಿರುತ್ತದೆ.

ಉತ್ತರ 2 (ನರಶಸ್ತ್ರಚಿಕಿತ್ಸಕ)

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಆಂಡರ್ಸನ್ ಮತ್ತು ಮಾಂಟೆಸಾನೊ 1988ರಲ್ಲಿ ಈ ಮುರಿತಗಳಿಗೆ ಮಾಡಿದ ವಿಂಗಡಣೆಯಲ್ಲಿ ಮೊದಲನೆಯದು ಮೇಲಿನ ಭಾರಕ್ಕೆ ಕಾಂಡೈಲ್ ನುಚ್ಚಾಗುವುದು, ಎರಡನೆಯದು ಬುರುಡೆಯ ತಳದ ಬಿರುಕು ಕಾಂಡೈಲಿಗೂ ಹಬ್ಬುವುದು, ಮೂರನೆಯದು ಕಾಂಡೈಲನ್ನು ಕತ್ತಿನ ಎರಡನೇ ಮೂಳೆಗೆ ಬಿಗಿಯುವ ಏಲಾರ್ ಲಿಗಮೆಂಟ್ (ಕಟ್ಟುನಾರು) ಮೂಳೆಯ ಚೂರನ್ನು ಕಿತ್ತು ಒಳಕ್ಕೆ ಎಳೆಯುವುದು. ಮೂರನೆಯದು ಅಸ್ಥಿರವಾಗಿರಬಹುದು, ಆದರೆ ಸಂಖ್ಯೆ ನೋಡಿಯೇ ಶಸ್ತ್ರಚಿಕಿತ್ಸೆಗೆ ಹೊರಡುವುದು ನನಗೆ ಒಪ್ಪಿಗೆಯಿಲ್ಲ. ಕಾಂಡೈಲ್ ಮತ್ತು ಅಟ್ಲಾಸ್ ನಡುವಿನ ಅಂತರವನ್ನು ಎರಡೂ ಕಡೆ ಅಳೆಯಿರಿ. ವಯಸ್ಕರಲ್ಲಿ ಅದು 2 ಮಿ.ಮೀ. ಮೀರಿದರೆ ಕೀಲು ಸಡಿಲವಾಗಿರುವ ಅನುಮಾನ ಬಲವಾಗುತ್ತದೆ. ಲಿಗಮೆಂಟಿಗೆ ಎಂ.ಆರ್.ಐ., ಕತ್ತಿನ ಮೂಳೆಗಳ ಮೂಲಕ ಮಿದುಳಿಗೆ ಹೋಗುವ ವರ್ಟಿಬ್ರಲ್ ಅಪಧಮನಿಗೆ ಸಿ.ಟಿ. ಆಂಜಿಯೊ (ರಕ್ತನಾಳದ ಸ್ಕ್ಯಾನ್) ಎರಡೂ ಬೇಕು. ಧ್ವನಿ ಮತ್ತು ನುಂಗುವಿಕೆಯನ್ನೂ ಪರೀಕ್ಷಿಸಿ. ಮಿದುಳಿನಿಂದ ಹೊರಡುವ ನರಗಳಲ್ಲಿ 9ರಿಂದ 12ರವರೆಗಿನವು (12ನೆಯದೇ ಹೈಪೋಗ್ಲಾಸಲ್) ಒಟ್ಟಿಗೆ ಪೆಟ್ಟು ತಿನ್ನುವುದುಂಟು.

1817ರಲ್ಲಿ ಶಸ್ತ್ರವೈದ್ಯ ಚಾರ್ಲ್ಸ್ ಬೆಲ್ ಈ ಮುರಿತವನ್ನು ಮೊದಲು ವರ್ಣಿಸಿದಾಗಿನ ರೋಗಿಯೂ ಮೇಲಿನಿಂದ ಬಿದ್ದವನೇ. ಆಸ್ಪತ್ರೆಯಿಂದ ಹೊರಡುವ ಹೊತ್ತಿನಲ್ಲಿ ತಲೆ ತಿರುಗಿಸಿದವನು ಅಲ್ಲೇ ಕುಸಿದು ಸತ್ತ.

ಪ್ರಶ್ನೆ ಕೇಳಿದವರಿಂದ

ಹಳೆಯ ಪದರಗಳು ಯಂತ್ರದಲ್ಲೇ ಸಿಕ್ಕವು. ಕೊರೊನಲ್ ಚಿತ್ರದಲ್ಲಿ ಎಡ ಕಾಂಡೈಲಿನ ಒಳ ಅಂಚಿನಿಂದ ಅಕ್ಕಿಕಾಳಿನಷ್ಟು ಚೂರು ಕಿತ್ತುಬಂದಿದೆ. ಅಂತರ ಎರಡೂ ಕಡೆ ಸಮವಾಗಿದೆ, ಅಪಧಮನಿ ಸರಿಯಿದೆ, ಧ್ವನಿಯೂ ಸಹಜವಾಗಿದೆ. ಎಂ.ಆರ್.ಐ. ನೋಡಿದ ಮೇಲೆ ಶಸ್ತ್ರಚಿಕಿತ್ಸೆ ಬೇಡವೆಂದು ನಿರ್ಧರಿಸಿ, ಗಟ್ಟಿ ಕಾಲರಿನಲ್ಲಿ ಇರಿಸಿದ್ದೇವೆ. ಮರ ಹತ್ತುವುದು ಯಾವಾಗ ಎಂದು ಅವರು ದಿನವೂ ಕೇಳುತ್ತಾರೆ. ಮರುಸ್ಕ್ಯಾನ್ ಆಗುವವರೆಗೂ ಅದಕ್ಕೆ ಉತ್ತರ ಕೊಡುವುದಿಲ್ಲವೆಂದು ಹೇಳಿದ್ದೇನೆ.