ಜೆಕರ್ಯನ ಎಂಟು ದರ್ಶನಗಳು: ಮನೆಕೂಟದಲ್ಲಿ ಹೇಗೆ ಓದೋದು?

ಬೇಲೂರು ರಸ್ತೆ, ಹಾಸನ

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆ. ಬುಧವಾರದ ಮನೆಕೂಟದಲ್ಲಿ ಬೈಬಲಿನ ಜೆಕರ್ಯ ಪ್ರವಾದಿಯ ಪುಸ್ತಕದ 1ರಿಂದ 6ನೇ ಅಧ್ಯಾಯ ಓದಬೇಕು ಅಂತ ತೀರ್ಮಾನ ಆಗಿದೆ. ಬರೋರು ಹನ್ನೆರಡು ಜನ. ತೋಟದ ಮಾಲೀಕರು, ಹಣ್ಣು ಕೀಳೋರು, ಅಂಗಡಿಯವರು, ಒಬ್ಬರು ಟೀಚರ್. ಸಿಗೋದು ಒಂದು ಗಂಟೆ. ಕುದುರೆ, ಕೊಂಬು, ಹಾರುವ ಸುರುಳಿ ಅಂತ ಓದಿದ ಕೂಡಲೆ ಮಾತು ಕಡೇ ದಿನಗಳ ಕಡೆಗೆ, ಟಿವಿ ಸುದ್ದಿ ಕಡೆಗೆ ಹೊರಟುಬಿಡುತ್ತೆ. ಎಷ್ಟು ವಾರ ಇಟ್ಟುಕೊಳ್ಳಬೇಕು? ಓದಿದ್ದು ಗುರುವಾರ ಬೆಳಗ್ಗೆ ಕೆಲಸಕ್ಕೆ ಹೋಗೋವಾಗ ಜೊತೆಗಿರಬೇಕಾದರೆ ಏನು ಮಾಡಬೇಕು? ತಿಳಿದವರು ಹೇಳಿ.

ಮೂಡಿಗೆರೆ ಓದುಗ

ವಂದನೆ ಬ್ರದರ್. ಮೊದಲು ತಾರೀಖು ಹಿಡಿಯಿರಿ, ಟಿವಿ ಕಡೆ ಹೋಗೋ ಮಾತು ಅಲ್ಲೇ ಅರ್ಧ ನಿಲ್ಲುತ್ತೆ. 1:7ರಲ್ಲಿರೋದು ಪರ್ಷಿಯದ ರಾಜ ದಾರ್ಯಾವೆಷನ ಎರಡನೇ ವರ್ಷ, ಹನ್ನೊಂದನೇ ತಿಂಗಳ 24ನೇ ದಿನ. ನಮ್ಮ ಲೆಕ್ಕಕ್ಕೆ ಕ್ರಿ.ಪೂ. 519ರ ಫೆಬ್ರವರಿ. ಬಾಬೆಲಿನ ಸೆರೆಯಿಂದ ಮರಳಿದವರು ಯೆರೂಸಲೇಮಿನ ಆಲಯದ ಕೆಲಸ ಶುರುಮಾಡಿ, ನಿಲ್ಲಿಸಿ, ಹದಿನೈದು ವರ್ಷದ ಮೇಲಾಗಿತ್ತು. ಪ್ರವಾದಿ ಹಗ್ಗಾಯ ಎಚ್ಚರಿಸಿದ ಮೇಲೆ ಮತ್ತೆ ಕೈಹಾಕಿ ಐದು ತಿಂಗಳಾಗಿತ್ತು, ಅಷ್ಟೆ. ರಾಜ ಇಲ್ಲ, ಊರಿಗೆ ಗೋಡೆ ಇಲ್ಲ, ತೆರಿಗೆ ಪರ್ಷಿಯಕ್ಕೆ. ಆ ಜನಕ್ಕೆ ಒಂದೇ ರಾತ್ರಿಯಲ್ಲಿ ಬಂದ ಮಾತು ಇದು. ಅವರಿಗೆ ಏನು ಅರ್ಥವಾಯಿತು ಅಂತ ಕೇಳದೆ ನಮಗೆ ಏನು ಅಂತ ಕೇಳಬಾರದು.

ಆಮೇಲೆ, ಹೆಚ್ಚಿನ ದರ್ಶನಗಳಿಗೆ ಒಂದು ನಡೆ ಇದೆ. ಪ್ರವಾದಿ ನೋಡ್ತಾನೆ, ಇದೇನು ಅಂತ ಕೇಳ್ತಾನೆ, ದೂತ ಹೇಳ್ತಾನೆ. ಹಾಳೆಯ ಮೇಲೆ ಮೂರು ಕಲಂ ಎಳೆಯಿರಿ: ಕಂಡದ್ದು, ಕೇಳಿದ್ದು, ದೂತ ಹೇಳಿದ್ದು. ಮೂರನೇ ಕಲಮಿನಲ್ಲಿ ವಚನ ಕೊಟ್ಟಿರೋದನ್ನ ಮಾತ್ರ ಬರೆಯಬೇಕು. ಕೊಂಬು ಅಂದರೆ ಯೆಹೂದವನ್ನ ಚದರಿಸಿದ ಬಲಗಳು ಅಂತ ದೂತನೇ ಹೇಳಿದ್ದಾನೆ, ಬರೆಯಿರಿ. ಕುದುರೆಯ ಬಣ್ಣಕ್ಕೆ ಅರ್ಥ ಹೇಳಿಲ್ಲ, ಖಾಲಿ ಬಿಡಿ. ಎಡವಟ್ಟು ಆಗೋದೇ ಆ ಖಾಲಿ ಜಾಗ ತುಂಬೋಕೆ ಹೋದಾಗ. ಬೈಬಲಿನ ಕೊನೇ ಪುಸ್ತಕ ಪ್ರಕಟನೆಯ ಕುದುರೆಗಳನ್ನ ತಂದು ಇಲ್ಲಿ ಕಟ್ಟಿದರೆ ಎರಡು ಪುಸ್ತಕವೂ ಕೆಡುತ್ತೆ.

ಆರು ವಾರ ಸಾಕು. ಒಂದನೇ ಮತ್ತು ಎಂಟನೇ ದರ್ಶನ ಎರಡರಲ್ಲೂ ಕುದುರೆಗಳು, ಲೋಕ ಸುತ್ತಿ ಬರೋ ಕೆಲಸ. ಅವನ್ನ ಜೋಡಿಯಾಗಿ ಮೊದಲ ವಾರವೇ ಓದಿ. ಕೊಂಬು ಮತ್ತು ಅಳತೆ ಹಗ್ಗ ಒಂದು ವಾರ. ಮಹಾಯಾಜಕ ಯೆಹೋಶುವನ ಕೊಳಕು ಬಟ್ಟೆಗೆ ಒಂದು, ದೀಪಸ್ತಂಭಕ್ಕೆ ಒಂದು. ಇವೆರಡೂ ನಡುಮಧ್ಯದವು, ಅವಸರ ಮಾಡಬೇಡಿ. ಸುರುಳಿ ಮತ್ತು ಏಫಾ (ಧಾನ್ಯದ ಅಳತೆಪಾತ್ರೆ) ಒಟ್ಟಿಗೆ ಒಂದು. ಕೊನೆಗೆ 6:9ರಿಂದ ಕಿರೀಟದ ಭಾಗ.

ಸುರುಳಿಯ ವಾರ ಹಗ್ಗ ತೊಗೊಂಡು ಅಂಗಳಕ್ಕೆ ಇಳಿಯಿರಿ. 20 ಮೊಳ ಉದ್ದ, 10 ಮೊಳ ಅಗಲ. ನಮ್ಮ ಮಾರ್ಕೆಟ್ಟಿನಲ್ಲಿ ಹೂ ಅಳೆಯೋ ಹಾಗೆ ಮೊಣಕೈಯಿಂದ ಬೆರಳ ತುದಿಗೆ ಒಂದು ಮೊಳ, ಹತ್ತಿರ ಹತ್ತಿರ 45 ಸೆಂ.ಮೀ. ಅಂದರೆ 9 ಮೀಟರ್‌ಗೆ ನಾಲ್ಕೂವರೆ. ನಾಲ್ಕು ಮೂಲೆಗೆ ನಾಲ್ಕು ಜನ ಹಗ್ಗ ಹಿಡಿದು ನಿಂತರೆ ಅಂಗಳವೇ ಸಾಲಲ್ಲ. ಸೊಲೊಮೋನನ ಆಲಯದ ಮುಖಮಂಟಪಕ್ಕೂ ಇದೇ ಅಳತೆ (1 ಅರಸು 6:3). ಇಷ್ಟು ದೊಡ್ಡ ಬರಹ ಬೀದಿಯಲ್ಲಿ ನಿಲ್ಲದೆ ಕಳ್ಳನ ಮನೆಯೊಳಗೆ, ಸುಳ್ಳು ಆಣೆ ಇಟ್ಟವನ ಮನೆಯೊಳಗೆ ಹೋಗಿ, ರಾತ್ರಿ ಉಳಿದು, ತೊಲೆ ಕಲ್ಲು ಸಮೇತ ಮುಗಿಸುತ್ತೆ. ಹಗ್ಗ ಹಿಡಿದ ಕೈಗೆ ಅದು ಬೇಗ ಅರ್ಥವಾಗುತ್ತೆ.

ನೂಲುಗುಂಡು

ನಾಲ್ಕನೇ ಅಧ್ಯಾಯದ ಬಗ್ಗೆ ಒಂದು ಮಾತು. ‘ಬಲದಿಂದಲ್ಲ, ಪರಾಕ್ರಮದಿಂದಲ್ಲ, ನನ್ನ ಆತ್ಮದಿಂದಲೇ’ (4:6) ಅನ್ನೋದು ಎಲ್ಲರ ಮನೆ ಕ್ಯಾಲೆಂಡರಿನಲ್ಲಿದೆ. ಅದನ್ನ ಮಾತ್ರ ಓದಿ ನಿಲ್ಲಿಸಿದರೆ ಕೈಕಟ್ಟಿ ಕೂರೋಕೆ ಒಳ್ಳೇ ನೆಪ ಆಗುತ್ತೆ. 4:9 ತಪ್ಪದೆ ಓದಿಸಿ: ಆಲಯದ ಅಸ್ತಿವಾರ ಹಾಕಿದ್ದು ಯೆಹೂದದ ಅಧಿಪತಿ ಜೆರುಬ್ಬಾಬೆಲನ ಕೈ, ಮುಗಿಸೋದೂ ಅದೇ ಕೈ. ಹತ್ತನೇ ವಚನದಲ್ಲಿ ಆ ಕೈಯಲ್ಲಿ ನೂಲುಗುಂಡು. (ಮೂಲದಲ್ಲಿರೋದು ‘ತವರದ ಕಲ್ಲು’ ಅನ್ನೋ ಹಾಗಿನ ಮಾತು, ಅದಕ್ಕೇ ಅನುವಾದಗಳು ಬೇರೆಬೇರೆ.) ದಾರ ಇಳಿಬಿಟ್ಟಾಗ ಗುಂಡು ತೂಗಾಡೋದು ನಿಲ್ಲೋ ತನಕ ಗಾರೆಯವರು ಕಾಯ್ತಾರೆ, ಆಮೇಲೆ ಕಲ್ಲು ಕೂರಿಸ್ತಾರೆ. ದೀಪಸ್ತಂಭದ ಎಣ್ಣೆ ದೇವರದು, ಕಲ್ಲು ಕೂರಿಸೋ ಕೆಲಸ ನಮ್ಮದು. ಎರಡನ್ನೂ ಒಂದೇ ವಾರದಲ್ಲಿ ಹೇಳಿ. ಆಲಯ ಮುಗಿದದ್ದು ದಾರ್ಯಾವೆಷನ ಆರನೇ ವರ್ಷ (ಎಜ್ರ 6:15), ದರ್ಶನವಾಗಿ ನಾಲ್ಕು ವರ್ಷದ ಮೇಲೆ. 4:10ರ ‘ಅಲ್ಪಕಾರ್ಯಗಳ ದಿನ’ ಅಂದರೆ ಆ ನಾಲ್ಕು ವರ್ಷ.

ಅಳತೆ ಹಗ್ಗದ ಮೂರನೇ ದರ್ಶನ ಓದುವಾಗ ಗೋಡೆಯೇ ಬೇಡ ಅಂತ ಪಾಠ ಮಾಡಬೇಡಿ. ದೇವರೇ ಬೆಂಕಿಯ ಗೋಡೆ ಅನ್ನೋದು ನಿಜ. ಆದರೂ ಕ್ರಿ.ಪೂ. 445ರಲ್ಲಿ ನೆಹೆಮೀಯ ಕಲ್ಲಿನ ಗೋಡೆ ಕಟ್ಟಿಸಿದ, ಅದೂ ಪ್ರಾರ್ಥನೆ ಮಾಡಿಯೇ.

ಚಿಕ್ಕಮಗಳೂರಿನ ಸಿಸ್ಟರ್

ಆರನೇ ಅಧ್ಯಾಯಕ್ಕೆ ನಿಲ್ಲಿಸಬೇಡಿ ಅಣ್ಣ. 7 ಮತ್ತು 8 ಸೇರಿಸಿ. ಎಪ್ಪತ್ತು ವರ್ಷದಿಂದ ಮಾಡ್ತಿದ್ದ ಉಪವಾಸ ಮುಂದುವರಿಸಬೇಕಾ ಅಂತ ಜನ ಕೇಳೋಕೆ ಬರ್ತಾರೆ. ಉತ್ತರವಾಗಿ ಬರೋದು ‘ನನಗೋಸ್ಕರ ಮಾಡಿದಿರಾ?’ ಅನ್ನೋ ಪ್ರಶ್ನೆ. ಹಿಂದೆಯೇ ವಿಧವೆ, ಅನಾಥ, ಪರದೇಶಿ, ಬಡವ (7:10). ಶ್ರಮೆಕಾಲಕ್ಕೆ (ಈಸ್ಟರ್ ಮುಂಚಿನ ಉಪವಾಸದ ದಿನಗಳಿಗೆ) ಇದಕ್ಕಿಂತ ನೇರವಾದ ಭಾಗ ನನಗೆ ಗೊತ್ತಿಲ್ಲ. ಇನ್ನೊಂದು, ಕೆಲವು ಅನುವಾದಗಳಲ್ಲಿ ಕೊಂಬಿನ ದರ್ಶನ 1:18ರ ಬದಲು 2:1ಕ್ಕೆ ಶುರುವಾಗುತ್ತೆ, ಹೀಬ್ರೂ ಎಣಿಕೆ ಅದು. ಎಲ್ಲರ ಕೈಯಲ್ಲಿ ಯಾವ ಬೈಬಲ್ ಇದೆ ನೋಡಿಕೊಳ್ಳಿ, ಇಲ್ಲಾಂದ್ರೆ ಪುಟ ಹುಡುಕೋದರಲ್ಲೇ ಹತ್ತು ನಿಮಿಷ ಹೋಗುತ್ತೆ.

ಬೇಲೂರು ರಸ್ತೆ, ಹಾಸನ

ಎಲ್ಲರಿಗೂ ಧನ್ಯವಾದ. ಎಂಟು ವಾರ ಮಾಡ್ತೀವಿ. ಒಂದು ಅಳುಕು ಉಳಿದಿದೆ. ಏಫಾ ದಿನ ಹಣ್ಣು ತೂಗಿಸೋ ಮಾಲೀಕರೂ ಕೆಜಿ ಲೆಕ್ಕಕ್ಕೆ ಕೀಳೋರೂ ಒಂದೇ ಚಾಪೆ ಮೇಲೆ ಕೂತಿರ್ತಾರೆ. ಮಾತು ಜಗಳಕ್ಕೆ ತಿರುಗಿದರೆ?

ಮೂಡಿಗೆರೆ ಓದುಗ

ಅಳುಕು ಸರಿಯೇ. ಆದರೆ ಆ ಭಾಗ ಹಾರಿಸಬೇಡಿ. ಏಫಾ ಅಂದರೆ ಸುಮಾರು 22 ಲೀಟರಿನ ಧಾನ್ಯದ ಅಳತೆ, ನಮ್ಮ 20 ಲೀಟರ್ ನೀರಿನ ಕ್ಯಾನಿಗಿಂತ ಒಂಚೂರು ದೊಡ್ಡದು. ಅದರೊಳಗೆ ಒಬ್ಬ ಹೆಂಗಸು ಕೂತಿದ್ದಾಳೆ, ಹೆಸರು ‘ದುಷ್ಟತನ’, ಮೇಲೆ ಸೀಸದ ಮುಚ್ಚಳ. ಕೆಟ್ಟತನ ಕೂರೋಕೆ ಅಳತೆಪಾತ್ರೆಯನ್ನೇ ತೋರಿಸಿರೋದು ಗಮನಿಸಿ. ಆಮೋಸ 8:5ರಲ್ಲಿ ಏಫಾ ಕಿರಿದು ಮಾಡೋರ ಮಾತಿದೆ, ಜೊತೆಗೆ ಓದಿ. ಹೆಂಗಸು ಅಂದ ಮಾತ್ರಕ್ಕೆ ಹೆಣ್ಣುಮಕ್ಕಳ ಮೇಲೆ ಪಾಠ ಹೊರಿಸಬೇಡಿ. ಹೀಬ್ರೂವಿನಲ್ಲಿ ದುಷ್ಟತನ ಅನ್ನೋ ಪದವೇ ಸ್ತ್ರೀಲಿಂಗ, ಮತ್ತೆ ಅದನ್ನ ಶಿನಾರಿಗೆ (ಬಾಬೆಲಿನ ಸೀಮೆಗೆ) ಹೊತ್ತೊಯ್ಯೋರೂ ಇಬ್ಬರು ಹೆಂಗಸರೇ.

‘ಯಾರ ತಕ್ಕಡಿ ಸರಿಯಿಲ್ಲ’ ಅಂತ ಕೇಳಬೇಡಿ. ‘ನನ್ನ ಕೈಗೆ ಬರೋ ಅಳತೆ ಯಾವುದು’ ಅಂತ ಒಬ್ಬೊಬ್ಬರೂ ಚೀಟಿಯಲ್ಲಿ ಬರೆದು ತಮ್ಮ ಬೈಬಲಿನಲ್ಲೇ ಇಟ್ಟುಕೊಳ್ಳಲಿ, ಓದಿ ಹೇಳೋದು ಬೇಡ. ಖಾಲಿ ಚೀಲದ ತೂಕ ಅಂತ ಒಂದು ಕಿಲೋ ಕಳೆಯೋ ಕಡೆ ಎರಡು ಕಳೆಯೋದೂ ಏಫಾ, ಹಣ್ಣಿನ ಅಡಿಯಲ್ಲಿ ಹಸಿರು ಕಾಯಿ ತುಂಬಿ ತೂಕ ಏರಿಸೋದೂ ಏಫಾ. ಮಾಲೀಕರು ಒಪ್ಪಿದರೆ ಮಾರನೇ ದಿನ ತೂಕಕ್ಕೆ ಮುಂಚೆ ಮಾಡೋಕೆ ಒಂದು ಕೆಲಸ ಹೇಳಿ: ಯಂತ್ರ ಸೊನ್ನೆಗೆ ಬಂದದ್ದನ್ನ ಎಲ್ಲರೂ ನೋಡಲಿ, ಒಂದು ಖಾಲಿ ಚೀಲ ಎಲ್ಲರ ಎದುರು ತೂಗಿ, ಆ ಅಂಕಿಯನ್ನ ಕಣದ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಅಷ್ಟನ್ನೇ ಕಳೆಯಲಿ.