ಸರ್ವರ್ ಇಲ್ಲದ ಆಪ್‌ನಲ್ಲಿ ಎದುರಿನ ಮೊಬೈಲ್ ಯಾರದೆಂದು ತಿಳಿಯುವುದು ಹೇಗೆ?

ಪ್ರಶ್ನೆ (ಬಾಗಲಕೋಟೆಯಿಂದ, ಆಪ್ ಬರೆಯುತ್ತಿರುವವರು):
ಮೇಡಂ, ನಮಸ್ಕಾರ. ನಾವು ಗೆಳೆಯರು ಸೇರಿ ಇಳಕಲ್ ಮತ್ತು ಗುಳೇದಗುಡ್ಡದ ನೇಕಾರರಿಗಾಗಿ ಒಂದು ಆಂಡ್ರಾಯ್ಡ್ ಆಪ್ ಸಿದ್ಧಪಡಿಸುತ್ತಿದ್ದೇವೆ. ಸೀರೆಯ ದಡಿ, ಸೆರಗು ಹಾಗೂ ಖಣದ ನಮೂನೆಗಳ ಫೈಲ್‌ಗಳು ಮತ್ತು ಆರ್ಡರ್ ಲೆಕ್ಕ ಮಾಲೀಕರ ಮೊಬೈಲ್‌ನಿಂದ ನೇಕಾರರ ಮೊಬೈಲ್‌ಗೆ ನೇರವಾಗಿ ಹೋಗಬೇಕು, ನಡುವೆ ಸರ್ವರ್ ಇರಬಾರದು ಎಂಬುದು ನಮ್ಮ ಉದ್ದೇಶ. ಇದರಿಂದ ಸರ್ವರ್ ಬಾಡಿಗೆ ಉಳಿಯುತ್ತದೆ, ಹೊಸ ನಮೂನೆ ಹೊರಗಿನವರ ಕೈಸೇರುವುದೂ ತಪ್ಪುತ್ತದೆ ಎಂದುಕೊಂಡಿದ್ದೇವೆ. ಮೊಬೈಲ್‌ಗಳು ಒಂದನ್ನೊಂದು ಹುಡುಕಿಕೊಳ್ಳಲು ಕಡೆಮ್ಲಿಯಾ ಮಾದರಿಯ ಡಿಎಚ್‌ಟಿ (ವಿಳಾಸಗಳನ್ನು ಮೊಬೈಲ್‌ಗಳೇ ಹಂಚಿಕೊಂಡು ಇಟ್ಟುಕೊಳ್ಳುವ ವ್ಯವಸ್ಥೆ) ಬಳಸಿದ್ದೇವೆ. ಎಲ್ಲ ಸಂದೇಶಗಳನ್ನೂ ಎಇಎಸ್-256 ಎಂಬ ಗೂಢಲಿಪಿ ವಿಧಾನದಿಂದ ಎನ್‌ಕ್ರಿಪ್ಟ್ ಮಾಡಿದ್ದು, ಅದನ್ನು ಬಿಡಿಸುವ ಕೀ ಆಪ್‌ನೊಳಗೇ ಇದೆ. ಭದ್ರತೆಗೆ ಇಷ್ಟು ಸಾಕೇ?

ಉತ್ತರ (ಬೆಳಗಾವಿಯಿಂದ, ನೆಟ್‌ವರ್ಕ್ ಭದ್ರತೆಯ ವೃತ್ತಿಯವರು):
ನಮಸ್ಕಾರ. ಸಾಲದು. ಆಪ್‌ನೊಳಗಿನ ಕೀ ಗುಟ್ಟಾಗಿ ಉಳಿಯುವುದಿಲ್ಲ; ಎಪಿಕೆ (ಆಪ್‌ನ ಇನ್‌ಸ್ಟಾಲ್) ಫೈಲ್ ಬಿಚ್ಚಿ ನೋಡುವ ಉಚಿತ ಸಾಧನಗಳು ಬೇಕಾದಷ್ಟಿವೆ, ತುಸು ಅಭ್ಯಾಸವಿರುವವರು ಅದನ್ನು ಬೇಗನೆ ಹೊರತೆಗೆಯುತ್ತಾರೆ. ಒಂದೇ ಕೀಲಿಕೈಗೆ ಓಣಿಯ ಮನೆಗಳೆಲ್ಲ ತೆರೆಯುವಂತಿದ್ದರೆ ಬೀಗ ಎಷ್ಟು ಗಟ್ಟಿಯಿದ್ದರೇನು? ಎಇಎಸ್‌ನಲ್ಲಿ ದೋಷವಿಲ್ಲ. ಎದುರಿಗಿರುವ ಮೊಬೈಲ್ ಯಾರದು ಎಂಬ ಪ್ರಶ್ನೆಗೆ ನಿಮ್ಮ ಆಪ್‌ನಲ್ಲಿ ಉತ್ತರವೇ ಇಲ್ಲದಿರುವುದು ದೋಷ. ಸರ್ವರ್ ಇದ್ದಾಗ ಲಾಗಿನ್ ಪರೀಕ್ಷಿಸುವ ಕೆಲಸವನ್ನು ಅದು ಮಾಡುತ್ತಿತ್ತು. ಸರ್ವರ್ ತೆಗೆದರೆ ಆ ಕೆಲಸ ಪ್ರತಿಯೊಂದು ಮೊಬೈಲ್‌ನ ಪಾಲಿಗೆ ಬರುತ್ತದೆ.

ಆದ್ದರಿಂದ ಪ್ರತಿ ಮೊಬೈಲ್ ಆಪ್ ಮೊದಲ ಬಾರಿ ತೆರೆದಾಗಲೇ ತನ್ನದೇ ಕೀ ಜೋಡಿಯನ್ನು (ಎಲ್ಲರಿಗೂ ಕೊಡುವ ಸಾರ್ವಜನಿಕ ಕೀ, ಗುಟ್ಟಾಗಿಡುವ ಖಾಸಗಿ ಕೀ) ಸೃಷ್ಟಿಸಿಕೊಂಡು, ಖಾಸಗಿ ಕೀಯನ್ನು ಕೀಗಳನ್ನು ಭದ್ರವಾಗಿಡುವ ಆಂಡ್ರಾಯ್ಡ್ ಕೀಸ್ಟೋರ್‌ನಲ್ಲಿ ಇಡಲಿ. ಹಳೆಯ ಮೊಬೈಲ್‌ಗಳೂ ಇರುವುದರಿಂದ ಪಿ-256 ಎಂಬ ಬಗೆಯ ಕೀ ಆರಿಸುವುದು ಅನುಕೂಲ. ಸಂಪರ್ಕಕ್ಕೆ ಟಿಎಲ್‌ಎಸ್ 1.3 (ಸುರಕ್ಷಿತ ಸಂಪರ್ಕದ ಪ್ರಮಾಣಿತ ಪ್ರೋಟೊಕಾಲ್) ಬಳಸಿ, ಎರಡೂ ಕಡೆಯವರು ಪ್ರಮಾಣಪತ್ರ (ಸಾರ್ವಜನಿಕ ಕೀ ಇರುವ ಡಿಜಿಟಲ್ ದಾಖಲೆ) ತೋರಿಸುವುದನ್ನು ಕಡ್ಡಾಯ ಮಾಡಿ. ಪ್ರಮಾಣಪತ್ರದ ಎಸ್‌ಎಚ್‌ಎ-256 ಹ್ಯಾಶ್ (ಅದರಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಚಿಕ್ಕ ಸಂಕೇತ) ಆ ಮೊಬೈಲ್‌ನ ಗುರುತಾಗಲಿ. ಫೈಲ್ ಹಂಚುವ ಸಿಂಕ್‌ಥಿಂಗ್ ತಂತ್ರಾಂಶ ಸಾಧನಗಳನ್ನು ಗುರುತಿಸುವುದು ಇದೇ ರೀತಿಯಲ್ಲಿ. ಸ್ವಂತ ಪ್ರೋಟೊಕಾಲ್ ಬರೆಯುವ ಉಮೇದು ಬೇಡ.

ಒಂದು ಮೊಬೈಲ್‌ನ ಗುರುತು ಇನ್ನೊಂದಕ್ಕೆ ಮೊದಲ ಸಲ ತಲುಪುವ ಕ್ಷಣವೇ ಇಂಥ ತಂತ್ರಾಂಶಗಳಲ್ಲಿ ಅತಿ ದುರ್ಬಲವಾದದ್ದು, ಏಕೆಂದರೆ ನೆಟ್‌ವರ್ಕ್ ಮೂಲಕ ಬಂದ ಗುರುತನ್ನು ನಡುವಿನವರು ಬದಲಾಯಿಸಿರಲು ಸಾಧ್ಯ. ಈ ವಿಷಯದಲ್ಲಿ ನೀವು ಅದೃಷ್ಟವಂತರು. ನೂಲು ಒಯ್ಯಲು, ನೇಯ್ದ ಸೀರೆ ಒಪ್ಪಿಸಲು ನೇಕಾರರು ಮಾಲೀಕರ ಬಳಿ ಬಂದೇ ಬರುತ್ತಾರೆ; ಆಗ ಎರಡೂ ಮೊಬೈಲ್‌ಗಳು ಪರಸ್ಪರ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಕೊಳ್ಳಲಿ. ಮಾಲೀಕರ ಕೀಯಿಂದ ಡಿಜಿಟಲ್ ಸಹಿ ಹಾಕಿದ ಸದಸ್ಯರ ಪಟ್ಟಿಯಲ್ಲಿ ಇಲ್ಲದವರ ಸಂಪರ್ಕವನ್ನು ಮಾತಿಲ್ಲದೆ ಕಡಿದುಹಾಕಿ.

ಇನ್ನು ಡಿಎಚ್‌ಟಿ. ವಿಳಾಸಗಳ ಪಟ್ಟಿಯನ್ನು ಜಾಲದ ಸಾಧನಗಳಾದ ನೋಡ್‌ಗಳೇ ಹಂಚಿಕೊಂಡು ಇಟ್ಟುಕೊಳ್ಳುವ ಈ ವ್ಯವಸ್ಥೆ ಅಪರಿಚಿತರ ದೊಡ್ಡ ಜಾಲಕ್ಕೆಂದು ಹುಟ್ಟಿದ್ದು. ಮುಕ್ತ ಜಾಲದಲ್ಲಿ ಒಬ್ಬನೇ ವ್ಯಕ್ತಿ ಸಾವಿರಾರು ನಕಲಿ ನೋಡ್‌ಗಳಾಗಿ ನಿಲ್ಲಬಲ್ಲನು, ಗುರುತನ್ನು ದೃಢೀಕರಿಸುವ ಒಂದು ಕೇಂದ್ರ ಅಧಿಕಾರವಿಲ್ಲದೆ ಇದನ್ನು ಪೂರ್ತಿ ತಡೆಯಲಾಗದು ಎಂದು ಮೈಕ್ರೋಸಾಫ್ಟ್ ರಿಸರ್ಚ್‌ನ ಜಾನ್ ಡೌಸರ್ 2002ರಲ್ಲಿಯೇ ತೋರಿಸಿದರು. ಇದಕ್ಕೆ ಸಿಬಿಲ್ ದಾಳಿ ಎನ್ನುತ್ತಾರೆ. ಒಂದು ನೋಡ್‌ನ ವಿಳಾಸಪಟ್ಟಿಯನ್ನು ದಾಳಿಕೋರನ ವಿಳಾಸಗಳಿಂದಲೇ ತುಂಬಿ, ಅದು ಮರಳಿ ಚಾಲೂ ಆದಾಗ ಅವನ ನೋಡ್‌ಗಳ ಹೊರತು ಬೇರಾರೂ ಕಾಣದಂತೆ ಮಾಡಬಹುದೆಂದು 2015ರಲ್ಲಿ ಬಿಟ್‌ಕಾಯಿನ್ ಜಾಲದ ಮೇಲೆ ನಡೆದ ಸಂಶೋಧನೆ ತೋರಿಸಿತು. ಇದು ಎಕ್ಲಿಪ್ಸ್ ದಾಳಿ. ನಿಮ್ಮದು ಪರಸ್ಪರ ಪರಿಚಿತರ ಮುಚ್ಚಿದ ಗುಂಪು. ನನ್ನ ಅಭಿಪ್ರಾಯದಲ್ಲಿ ನಿಮಗೆ ಡಿಎಚ್‌ಟಿಯ ಅಗತ್ಯವೇ ಇಲ್ಲ. ಸಹಿ ಮಾಡಿದ ಪಟ್ಟಿಯ ಸದಸ್ಯರೇ ತಮ್ಮ ಈಗಿನ ವಿಳಾಸವನ್ನು ಪರಸ್ಪರ ತಿಳಿಸಿಕೊಂಡರೆ ಸಾಕು.

ಪ್ರಶ್ನೆ (ವಿಜಯಪುರದಿಂದ, ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕರು):
ಬಂದ ಫೈಲ್‌ನ ಹ್ಯಾಶ್ ಸರಿಯಿದ್ದರೆ ಅದನ್ನು ತೆರೆಯುವುದು ಸುರಕ್ಷಿತವೆಂದು ನಮ್ಮ ವಿದ್ಯಾರ್ಥಿಗಳು ವಾದಿಸುತ್ತಾರೆ. ಇದು ಎಷ್ಟರಮಟ್ಟಿಗೆ ಸರಿ, ಮೇಡಂ?

ಉತ್ತರ:
ಸರ್, ಘೋಷಿಸಿದ ಫೈಲೇ ಬಂದಿದೆ ಎಂಬುದನ್ನಷ್ಟೇ ಹ್ಯಾಶ್ ಹೇಳುತ್ತದೆ. ಘೋಷಿಸಿದವರು ಯಾರೆಂದು ತಿಳಿಯಲು ಸಹಿ ಬೇಕು, ಒಳಗಿರುವುದು ನಿರಪಾಯವೇ ಎಂಬುದನ್ನು ಇವೆರಡೂ ಹೇಳಲಾರವು. ಹ್ಯಾಶ್‌ನ ಆಯ್ಕೆಯೂ ಮುಖ್ಯ: ಒಂದೇ ಎಸ್‌ಎಚ್‌ಎ-1 ಹ್ಯಾಶ್ ಇರುವ ಎರಡು ಬೇರೆ ಪಿಡಿಎಫ್‌ಗಳನ್ನು 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯುಐ ಸಂಸ್ಥೆಯ ಸಂಶೋಧಕರು ಪ್ರಕಟಿಸಿದರು. ಫೈಲ್ ಹಂಚಿಕೆಯ ಬಿಟ್‌ಟೊರೆಂಟ್ ಕೂಡ ತನ್ನ ಎರಡನೆಯ ಆವೃತ್ತಿಯಲ್ಲಿ ಎಸ್‌ಎಚ್‌ಎ-256ಕ್ಕೆ ಬದಲಾಗಿದೆ.

ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವುದು ಇನ್ನೂ ಸರಳವಾದ ಜಾಗಗಳಲ್ಲಿ. ಎದುರಿನವರು ಕಳಿಸಿದ ಫೈಲ್ ಹೆಸರಿನಲ್ಲಿ ಎರಡು ಚುಕ್ಕಿ ಮತ್ತು ಓರೆಗೆರೆ ಸೇರಿದ್ದರೆ, ಹೆಸರನ್ನು ಹಾಗೆಯೇ ಬಳಸುವ ಪ್ರೋಗ್ರಾಂ ತನ್ನ ಫೋಲ್ಡರ್ ದಾಟಿ ಬೇರೆ ಕಡತದ ಮೇಲೆ ಬರೆದುಬಿಡುತ್ತದೆ. ಹೆಸರನ್ನು ನಿಮ್ಮ ಪ್ರೋಗ್ರಾಮೇ ಕೊಡಬೇಕು. "ಮುಂದೆ ನಾಲ್ಕು ಜಿಬಿ ಬರಲಿದೆ" ಎಂದು ಎದುರಿನವರು ಹೇಳಿದ ಮಾತ್ರಕ್ಕೆ ಅಷ್ಟು ಮೆಮೊರಿ ಕಾಯ್ದಿರಿಸುವುದು, ಜಿಪ್ ಫೈಲ್ ಬಿಚ್ಚಿದಾಗ ಎಷ್ಟು ಉಬ್ಬುತ್ತದೆಂದು ಮಿತಿ ಹಾಕದಿರುವುದು ಇದೇ ಜಾತಿಯ ತಪ್ಪುಗಳು. ಸದಸ್ಯರ ಮೊಬೈಲ್ ಕೂಡ ವೈರಸ್‌ಗೆ ತುತ್ತಾಗಿರಬಹುದಾದ್ದರಿಂದ ಪರಿಚಿತರಿಂದ ಬಂದದ್ದಕ್ಕೂ ಈ ತಪಾಸಣೆ ಬೇಕು.

ಪ್ರಶ್ನೆ (ಬೆಳಗಾವಿಯ ವಿದ್ಯಾರ್ಥಿನಿ):
ಮೊಬೈಲ್ ಡೇಟಾದಲ್ಲಿ ಎರಡು ಫೋನ್‌ಗಳು ನೇರವಾಗಿ ಕೂಡಿಕೊಳ್ಳುವುದೇ ಕಷ್ಟವಲ್ಲವೇ, ಮೇಡಂ? ಕೂಡಿಕೊಂಡರೂ ಐಪಿ ವಿಳಾಸ ಬಯಲಾಗುತ್ತದಲ್ಲ?

ಉತ್ತರ:
ಎರಡೂ ನಿಜ. ಮೊಬೈಲ್ ಕಂಪನಿಗಳು ಒಂದು ಸಾರ್ವಜನಿಕ ಐಪಿವಿ4 ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುವುದರಿಂದ ನೇರ ಸಂಪರ್ಕ ಅನೇಕ ಸಲ ವಿಫಲವಾಗುತ್ತದೆ. ಆಗ ನಡುವೆ ನಿಂತು ಸಂದೇಶ ದಾಟಿಸುವ ಟರ್ನ್ ಮಾದರಿಯ ರಿಲೇ ಸರ್ವರ್ ಬೇಕೇಬೇಕು. ಎನ್‌ಕ್ರಿಪ್ಷನ್ ಒಂದು ಮೊಬೈಲ್‌ನಿಂದ ಇನ್ನೊಂದರವರೆಗೂ ಮುರಿಯದೆ ಇದ್ದರೆ ರಿಲೇಗೆ ನಮೂನೆ ಕಾಣುವುದಿಲ್ಲ, ಆದರೆ ಯಾರು ಯಾರಿಗೆ ಯಾವಾಗ ಎಷ್ಟು ಕಳಿಸಿದರೆಂಬುದು ಕಾಣುತ್ತದೆ. ಹೀಗಿರುವಾಗ ಸರ್ವರ್ ಇಲ್ಲವೇ ಇಲ್ಲ ಎಂದು ಪ್ರಚಾರ ಮಾಡುವುದು ಪ್ರಾಮಾಣಿಕವಲ್ಲ. ಯುಡಿಪಿ (ಸಂಪರ್ಕ ದೃಢಪಡಿಸಿಕೊಳ್ಳದೆ ಪ್ಯಾಕೆಟ್ ಕಳಿಸುವ ವಿಧಾನ) ಬಳಸುವವರು ಇನ್ನೊಂದನ್ನು ಗಮನಿಸಬೇಕು: ಕಳಿಸಿದವರ ವಿಳಾಸ ನಿಜವೆಂದು ಖಚಿತವಾಗುವ ಮೊದಲು, ಬಂದ ಪ್ಯಾಕೆಟ್‌ಗಿಂತ ದೊಡ್ಡ ಉತ್ತರ ಕೊಡಬಾರದು. ಇಲ್ಲವಾದರೆ ಸುಳ್ಳು ವಿಳಾಸ ಹಾಕಿದವರು ನಿಮ್ಮ ಬಳಕೆದಾರರ ಮೂಲಕ ಮೂರನೆಯವರ ಮೇಲೆ ದಾಳಿ ಮಾಡಿಸುತ್ತಾರೆ.

ಪ್ರಶ್ನೆ (ಬಾಗಲಕೋಟೆಯಿಂದ, ಮತ್ತೆ):
ಧನ್ಯವಾದ ಮೇಡಂ. ಡಿಎಚ್‌ಟಿ ತೆಗೆಯಲು ನಿರ್ಧರಿಸಿದ್ದೇವೆ. ಇನ್ನೆರಡು ಸಂದೇಹ. ಮಾಲೀಕರ ಅಂಗಡಿಯ ಕಂಪ್ಯೂಟರ್‌ಗೆ 127.0.0.1ರಲ್ಲಿ (ಅದೇ ಕಂಪ್ಯೂಟರ್‌ಗೆ ಮಾತ್ರ ಸಿಗುವ ವಿಳಾಸ) ತೆರೆಯುವ ಬ್ರೌಸರ್ ಪುಟ ಮಾಡಿದ್ದೇವೆ. ಹೊರಗಿನವರು ಬರಲಾರರೆಂದು ಪಾಸ್‌ವರ್ಡ್ ಇಟ್ಟಿಲ್ಲ. ಹಾಗೆಯೇ, ನೇಕಾರರೊಬ್ಬರ ಮೊಬೈಲ್ ಕಳೆದುಹೋದರೆ ಏನು ಮಾಡಬೇಕು?

ಉತ್ತರ:
ಪಾಸ್‌ವರ್ಡ್ ಇಡಿ, ಬರುವ ಕೋರಿಕೆಯ ಹೋಸ್ಟ್ ಹೆಡರ್ (ಯಾವ ವಿಳಾಸಕ್ಕೆಂದು ಬಂದಿದೆ ಎಂಬ ಸಾಲು) ಕೂಡ ಪರೀಕ್ಷಿಸಿ. ಬಿಟ್‌ಟೊರೆಂಟ್ ತಂತ್ರಾಂಶವಾದ ಟ್ರಾನ್ಸ್‌ಮಿಷನ್‌ನಲ್ಲಿ ಇಂಥದೇ ಸ್ಥಳೀಯ ಪೋರ್ಟ್‌ಗೆ, ಬಳಕೆದಾರರು ಭೇಟಿ ಕೊಟ್ಟ ಯಾವುದೋ ಜಾಲತಾಣ ಡಿಎನ್‌ಎಸ್ ರೀಬೈಂಡಿಂಗ್ (ತನ್ನ ಹೆಸರಿಗೆ ಬಳಕೆದಾರರ ಕಂಪ್ಯೂಟರ್‌ನದೇ ವಿಳಾಸ ತೋರಿಸುವ) ತಂತ್ರದಿಂದ ಆಜ್ಞೆ ಕಳಿಸಬಹುದೆಂದು ಗೂಗಲ್‌ನ ಭದ್ರತಾ ಸಂಶೋಧನಾ ತಂಡವಾದ ಪ್ರಾಜೆಕ್ಟ್ ಝೀರೋ 2018ರಲ್ಲಿ ಬಹಿರಂಗಪಡಿಸಿತು.

ಕಳೆದ ಮೊಬೈಲ್‌ನ ವಿಷಯ ಇದಕ್ಕಿಂತ ಕಠಿಣ, ಏಕೆಂದರೆ "ಇವರನ್ನು ತೆಗೆದಿದ್ದೇವೆ" ಎಂದು ಎಲ್ಲರಿಗೂ ಒಮ್ಮೆಲೇ ಹೇಳುವ ಕೇಂದ್ರ ನಿಮ್ಮಲ್ಲಿಲ್ಲ. ಸದಸ್ಯರ ಪಟ್ಟಿಗೆ ಏರುತ್ತ ಹೋಗುವ ಕ್ರಮಸಂಖ್ಯೆಯನ್ನೂ ಅವಧಿ ಮುಗಿಯುವ ದಿನಾಂಕವನ್ನೂ ಸೇರಿಸಿ ಮಾಲೀಕರು ಸಹಿ ಮಾಡಲಿ. ತನ್ನಲ್ಲಿರುವುದಕ್ಕಿಂತ ಹಳೆಯ ಸಂಖ್ಯೆಯ ಪಟ್ಟಿಯನ್ನು ಮೊಬೈಲ್ ಒಪ್ಪಬಾರದು. ಅವಧಿ ಮುಗಿದ ಮೇಲೂ ಹೊಸ ಪಟ್ಟಿ ಬರದಿದ್ದರೆ ಯಾರಿಗೂ ಏನನ್ನೂ ಕಳಿಸಬಾರದು. ಅವಧಿ ಚಿಕ್ಕದಾದಷ್ಟು ಅಪಾಯ ಕಡಿಮೆ, ಆದರೆ ಊರಿನಲ್ಲಿ ನಾಲ್ಕು ದಿನ ನೆಟ್‌ವರ್ಕ್ ಹೋದರೆ ನೇಕಾರರ ಕೆಲಸ ನಿಲ್ಲುತ್ತದೆ. ಎಷ್ಟು ದಿನವೆಂಬುದನ್ನು ಅವರನ್ನೇ ಕೇಳಿ ಗೊತ್ತುಮಾಡಿ. ಆ ಮೊಬೈಲ್‌ಗೆ ಆಗಲೇ ತಲುಪಿರುವ ನಮೂನೆಗಳನ್ನು ಮರಳಿ ಪಡೆಯುವ ಉಪಾಯ ಯಾವುದೂ ಇಲ್ಲ. ಆದ್ದರಿಂದ ಯಾರ ಮಗ್ಗದಲ್ಲಿ ಯಾವ ನಮೂನೆ ನೇಯಲಾಗುತ್ತಿದೆಯೋ ಅಷ್ಟನ್ನು ಮಾತ್ರ ಅವರಿಗೆ ಕಳಿಸಿ, ಕೆಲಸ ಮುಗಿದ ಕೂಡಲೇ ಆಪ್ ಅದನ್ನು ಅಳಿಸುವಂತೆ ಬರೆಯಿರಿ.