1,100 ಮನೆಗಳ ಅಪಾರ್ಟ್‌ಮೆಂಟ್, ಕೀ ತಗೊಳ್ಳುವ ಮುಂಚೆ ಏನೇನು ನೋಡಬೇಕು?

ಬೆಣ್ಣೆದೋಸೆ:

ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆ ಕಡೆಯವರು. ಬೆಂಗಳೂರಿಗೆ ಬಂದು ಒಂಬತ್ತು ವರ್ಷ ಆಯಿತು. ಸರ್ಜಾಪುರ ರಸ್ತೆಯ ಕಡೆ ಒಂದು ದೊಡ್ಡ ಅಪಾರ್ಟ್‌ಮೆಂಟ್‌ನಲ್ಲಿ 2 ಬಿಎಚ್‌ಕೆ ಮನೆ ತಗೊಂಡಿದ್ದೇವೆ. ಎಂಟು ಟವರ್, ಒಂದೊಂದಕ್ಕೂ 14 ಮಹಡಿ, ಎಲ್ಲ ಸೇರಿ ಸುಮಾರು 1,100 ಮನೆ. ನಮ್ಮದು 11ನೇ ಮಹಡಿ.

ಮುಂದಿನ ವಾರ ಬಂದು ಮನೆ ನೋಡಿ ಅಂತ ಮೇಲ್ ಬಂದಿದೆ. ಕೊಟ್ಟಿರುವುದು ಒಂದು ಗಂಟೆ. ನೋಡಿ, ಪಟ್ಟಿಗೆ ಸಹಿ ಹಾಕಿ, ಕೀ ತಗೊಳ್ಳಬೇಕಂತೆ.

ನಮ್ಮ ಮಾವ ಊರಲ್ಲಿ ಎರಡು ಮನೆ ಕಟ್ಟಿಸಿದವರು. ಇಟ್ಟಿಗೆಯನ್ನು ಉಗುರಿನಲ್ಲಿ ಕೆರೆದು ನೋಡಿ, ಗೋಡೆಗೆ ಬೆಳಗ್ಗೆ ಸಂಜೆ ತಾವೇ ನೀರು ಹಾಯಿಸಿ ಕಟ್ಟಿಸಿದ್ದರು. ಹೋದ ತಿಂಗಳು ಇಲ್ಲಿಗೆ ಬಂದಾಗ ಗೋಡೆ ತಟ್ಟಿ ನೋಡಿದರು. "ಇಟ್ಟಿಗೆನೇ ಇಲ್ವಲ್ಲವ್ವಾ, ಇದು ಮನೆನೋ ಸೇತುವೆನೋ" ಅಂದರು. ಅವತ್ತಿನಿಂದ ನನಗೆ ನಿದ್ದೆ ಸರಿಯಿಲ್ಲ. ಹಾಲ್‌ನ ಕಿಟಕಿ ಮೂಲೆಯಿಂದ ಓರೆಯಾಗಿ ಒಂದು ಸಣ್ಣ ಬಿರುಕು ಬೇರೆ ಕಾಣುತ್ತಿದೆ. ನಮ್ಮ ಮನೆಯವರು ಐಟಿಯವರು, ನಾನು ಬ್ಯಾಂಕ್. ಇಬ್ಬರಿಗೂ ಸಿಮೆಂಟ್ ಬಗ್ಗೆ ಏನೂ ಗೊತ್ತಿಲ್ಲ. ಇಪ್ಪತ್ತು ವರ್ಷದ ಸಾಲ ತಲೆ ಮೇಲಿದೆ. ಆ ಒಂದು ಗಂಟೆಯಲ್ಲಿ ಏನು ನೋಡಬೇಕು, ಯಾವುದನ್ನು ಬಿಡಬಹುದು? ದಯವಿಟ್ಟು ಗೊತ್ತಿರುವವರು ಹೇಳಿ.

ಕೆಂಗೇರಿ_ಕಿಟ್ಟಿ:

ಬಿಲ್ಡರ್ ಹೆಸರು ದೊಡ್ಡದಾ? ಹಾಗಾದರೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಸಾವಿರ ಮನೆ ಕಟ್ಟಿದವರಿಗೆ ನಮ್ಮ ಒಂದು ಮನೆ ಕೆಡಿಸಿ ಏನಾಗಬೇಕು? ಗೃಹಪ್ರವೇಶಕ್ಕೆ ಪುರೋಹಿತರನ್ನು ಬುಕ್ ಮಾಡಿ, ಅದು ಜಾಸ್ತಿ ಕಷ್ಟ.

ರಸಮಟ್ಟ:

ಕಿಟ್ಟಿಯವರೇ, ಸಾವಿರ ಮನೆ ಕಟ್ಟುತ್ತಾರೆ ಅನ್ನುವುದೇ ಇಲ್ಲಿ ತೊಂದರೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು 26 ವರ್ಷ ಸೈಟ್‌ನಲ್ಲಿದ್ದವನು. ಗಾರೆಯವರ ಹತ್ತಿರ ಕೈಯಾಳಾಗಿ ಸೇರಿ, ಆಮೇಲೆ ಸೂಪರ್‌ವೈಸರ್ ಆದೆ. ಕೊನೆಯ ಎಂಟು ವರ್ಷ ಇಂಥದ್ದೇ ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತಿದ್ದೆ. ಅಂದರೆ ನಿಮ್ಮಂಥವರು ಮನೆ ನೋಡೋಕೆ ಬರುವ ಹಿಂದಿನ ದಿನ ಬಿರುಕಿಗೆ ಪುಟ್ಟಿ ಬಳಿಸುತ್ತಿದ್ದವನೂ ನಾನೇ. ಈಗ ಕೆಲಸ ಬಿಟ್ಟಿದ್ದೇನೆ, ಹೇಳೋಕೆ ಅಡ್ಡಿಯಿಲ್ಲ.

ಮೇಡಂ, ನಿಮ್ಮ ಮಾವ ತಟ್ಟಿ ನೋಡಿ ಸರಿಯಾಗಿಯೇ ಹೇಳಿದ್ದಾರೆ. ಆ ಗೋಡೆಯಲ್ಲಿ ಇಟ್ಟಿಗೆ ಇಲ್ಲ. ಸೈಟ್‌ನಲ್ಲಿ ಮೈವಾನ್ ಅನ್ನುತ್ತೇವೆ. ಗೋಡೆಗೂ ಮೇಲಿನ ಸ್ಲ್ಯಾಬ್‌ಗೂ ಅಲ್ಯೂಮಿನಿಯಂ ಅಚ್ಚು ಜೋಡಿಸಿ, ಒಳಗೆ ಕಂಬಿ ಮತ್ತು ಕರೆಂಟ್ ಪೈಪ್ ಇಟ್ಟು, ಒಂದೇ ಸಲಕ್ಕೆ ಕಾಂಕ್ರೀಟ್ ಸುರಿಯುತ್ತಾರೆ. ಮರುದಿನ ಗೋಡೆಯ ಅಚ್ಚು ಬಿಚ್ಚುತ್ತಾರೆ. ಎಲ್ಲ ಸುಸೂತ್ರವಾದರೆ ವಾರ, ಹತ್ತು ದಿನಕ್ಕೊಂದು ಮಹಡಿ ಏಳುತ್ತದೆ. ಗಟ್ಟಿತನದ ವಿಚಾರದಲ್ಲಿ ಇದು ಒಳ್ಳೆಯ ಪದ್ಧತಿಯೇ. ಗೋಡೆಗಳೇ ಕಟ್ಟಡವನ್ನು ಹೊರುತ್ತವೆ. ಹಾಗಾಗಿ ಮುಂದೆ ಎಂದಾದರೂ ಹಾಲ್ ದೊಡ್ಡದು ಮಾಡೋಣ ಅಂತ ನಡುವಿನ ಗೋಡೆ ಒಡೆಸೋಕೆ ಹೋಗಬೇಡಿ.

ಈ ಅಚ್ಚು ಅಂದರೆ ಇಡ್ಲಿ ತಟ್ಟೆ ಇದ್ದ ಹಾಗೆ. ಒಂದು ಕುಳಿ ಸೊಟ್ಟಗಿದ್ದರೆ ಎಷ್ಟು ಸಲ ಹಿಟ್ಟು ಹಾಕಿದರೂ ಆ ಜಾಗದ ಇಡ್ಲಿ ಸೊಟ್ಟಗೇ ಬರುತ್ತದೆ. ನಿಮ್ಮದು 1104 ಅಂತಿಟ್ಟುಕೊಳ್ಳಿ. ನೀವು ಮೊದಲು ಮಾತಾಡಿಸಬೇಕಾದದ್ದು ಬಿಲ್ಡರ್ ಎಂಜಿನಿಯರನ್ನಲ್ಲ. 404, 604, 904ರಲ್ಲಿ ಆಗಲೇ ವಾಸಕ್ಕೆ ಬಂದವರನ್ನು. ಅವರ ಕಿಟಕಿ ಮೂಲೆಯಲ್ಲೂ ಅದೇ ಓರೆ ಬಿರುಕು ಇದ್ದರೆ ಅದು ಅಚ್ಚಿನ ಜೊತೆ, ಇಲ್ಲವೇ ಕಂಬಿ ಕಟ್ಟುವ ವಿಧಾನದ ಜೊತೆ ಬಂದದ್ದು. ನಿಮ್ಮಲ್ಲಿ ಮಾತ್ರ ಇದ್ದರೆ ಅವತ್ತಿನ ಕೆಲಸದ ತಪ್ಪು. ನಿಮ್ಮ ಟವರ್‌ನಲ್ಲಿ ಯಾರೂ ಬಂದಿಲ್ಲದಿದ್ದರೆ ಮೊದಲು ಮುಗಿದ ಟವರ್‌ಗೆ ಹೋಗಿ. ಅದೂ ಒಂದು ಮಳೆಗಾಲ ಕಳೆದವರ ಮನೆಗೆ.

ಇನ್ನು ಬಿರುಕು. ಕಿಟಕಿ, ಬಾಗಿಲಿನ ಮೂಲೆಯಲ್ಲಿ ಕಾಂಕ್ರೀಟ್ ಒಣಗಿ ಕುಗ್ಗುವಾಗ ಕೂದಲೆಳೆಯ ಬಿರುಕು ಬರುವುದು ಮಾಮೂಲು. ಎಟಿಎಂ ಕಾರ್ಡಿನ ಅಂಚು ಅದರೊಳಗೆ ಇಳಿಯುತ್ತಾ ನೋಡಿ. ಇಳಿಯಲಿಲ್ಲ ಅಂದರೆ ಪೆನ್ಸಿಲ್‌ನಲ್ಲಿ ಎರಡೂ ತುದಿಗೆ ಗೀಟು ಹಾಕಿ, ತಾರೀಖು ಬರೆದು ಫೋಟೊ ತೆಗೆಯಿರಿ. ಮೂರು ತಿಂಗಳಲ್ಲಿ ಗೀಟು ದಾಟಿದರೆ ಆಗ ಮಾತಾಡೋಣ. ಕಾರ್ಡ್ ಇಳಿಯಿತು, ಅಥವಾ ಅದೇ ಬಿರುಕು ಗೋಡೆಯ ಆಚೆ ಬದಿಯಲ್ಲೂ ಕಾಣುತ್ತದೆ, ಅಥವಾ ತುಕ್ಕಿನ ಬಣ್ಣ ಇಳಿದಿದೆ ಅಂದರೆ ಸಹಿ ಹಾಕಬೇಡಿ.

ನಿಜ ಹೇಳಬೇಕೆಂದರೆ ಇಂಥ ಮನೆಗಳಲ್ಲಿ ಕಾಂಕ್ರೀಟಿಗಿಂತ ಆಮೇಲಿನ ಕೆಲಸಕ್ಕೇ ನಾನು ಜಾಸ್ತಿ ಹೆದರುತ್ತಿದ್ದೆ. ಟೈಲ್ಸ್, ಬಾತ್‌ರೂಮಿನ ವಾಟರ್‌ಪ್ರೂಫಿಂಗ್, ಕಿಟಕಿ ಸುತ್ತ ಸಂದು ಮುಚ್ಚುವ ಸಿಲಿಕೋನ್, ಇವೆಲ್ಲ ತುಂಡು ಗುತ್ತಿಗೆ. ಟೈಲ್ಸ್‌ನವರಿಗೆ ಚದರಡಿ ಲೆಕ್ಕದಲ್ಲಿ ದುಡ್ಡು. ಕೊನೆಯ ಎರಡು ತಿಂಗಳು ತಾರೀಖು ಹತ್ತಿರ ಬಂತು ಅಂತ ಆಫೀಸಿನಿಂದ ದಿನಾ ಫೋನ್. ಟೈಲ್ ಮೂಲೆಗೆ ಗಾರೆ ತುಂಬಿದೆಯಾ ಅಂತ ನೋಡೋಕೆ ಯಾರಿಗೆ ಪುರುಸೊತ್ತು? ಒಮ್ಮೆ ಸಂಜೆ ನಾಲ್ಕಕ್ಕೆ ಹಾಕಿದ ಬಾತ್‌ರೂಮ್ ಟೈಲ್ಸ್ ಮೇಲೆ ರಾತ್ರಿ ಎಂಟಕ್ಕೆ ಪ್ಲಂಬರ್ ಏಣಿ ಇಟ್ಟು ನಿಂತಿದ್ದ. ನಾನೇ ಕಣ್ಣಾರೆ ನೋಡಿದ್ದೇನೆ.

ಹಾಗಾಗಿ ನೀವು ತಗೊಂಡು ಹೋಗಬೇಕಾದದ್ದು ಒಂದು ಬಕೆಟ್, ಒಂದು ಹತ್ತು ರೂಪಾಯಿ ನಾಣ್ಯ, ಅಂಟಿಸೋಕೆ ಬಣ್ಣದ ಟೇಪ್, ಮತ್ತೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಮೂರು ಪಿನ್ನಿನ ಟೆಸ್ಟರ್. ಹೋದ ತಕ್ಷಣ ಬಾತ್‌ರೂಮು, ಬಾಲ್ಕನಿ, ಯುಟಿಲಿಟಿ (ಅಡುಗೆಮನೆ ಪಕ್ಕದ ಪಾತ್ರೆ, ಬಟ್ಟೆ ತೊಳೆಯುವ ಜಾಗ) ಮೂರರಲ್ಲೂ ಬಕೆಟ್ ನೀರು ಸುರಿಯಿರಿ. ವಾಟ, ಅಂದರೆ ನೆಲದ ಇಳಿಜಾರು, ಸರಿಯಿದ್ದರೆ ನೀರು ತಾನಾಗಿಯೇ ಜಾಲರಿ ಹುಡುಕಿಕೊಂಡು ಹೋಗುತ್ತದೆ. ಹತ್ತು ನಿಮಿಷ ಬಿಟ್ಟು ಬನ್ನಿ. ಎಲ್ಲಿ ಮಡುಗಟ್ಟಿ ನಿಂತಿದೆಯೋ ಅಲ್ಲಿ ಟೇಪ್ ಅಂಟಿಸಿ. ಬಾಲ್ಕನಿ ನೀರು ಹಾಲ್ ಕಡೆ ಬಂದರಂತೂ ಟೈಲ್ಸ್ ಕಿತ್ತು ಹೊಸದಾಗಿ ಹಾಕಲೇಬೇಕು. ಬೇರೆ ಉಪಾಯ ಇಲ್ಲ.

ಬಾತ್‌ರೂಮ್ ಸೋರುತ್ತದಾ ಅನ್ನುವುದು ನಿಮ್ಮ ಮನೆಯಲ್ಲಿ ಕಾಣುವುದಿಲ್ಲ, ಕೆಳಗಿನವರ ಮನೆಯಲ್ಲಿ ಕಾಣುತ್ತದೆ. ಜಾಲರಿಗೆ ಬಟ್ಟೆ ತುರುಕಿ, ಒಂದು ಇಂಚು ನೀರು ನಿಲ್ಲಿಸಿ, 24 ಗಂಟೆ ಬಿಟ್ಟು 10ನೇ ಮಹಡಿಯ ಬಾತ್‌ರೂಮಿನ ಸೂರು ನೋಡಬೇಕು. ಅಲ್ಲಿ ಫಾಲ್ಸ್ ಸೀಲಿಂಗ್ ಇದ್ದರೆ ಅದರ ಮುಚ್ಚಳ ತೆಗೆಸಿ ನೋಡಿ. ಅದೇ ರೀತಿ ನಿಮ್ಮ ಸೂರಿಗೆ 12ನೇ ಮಹಡಿಯವರ ನೀರು. ಇದನ್ನು ಬಿಲ್ಡರ್ ಕಡೆಯವರು ಬೇಡ ಅನ್ನುತ್ತಾರೆ. ನಾವೂ ಅನ್ನುತ್ತಿದ್ದೆವು. ಒಪ್ಪಬೇಡಿ. ಒಂದು ಗಂಟೆಯಲ್ಲಿ ಇದು ಆಗುವುದಿಲ್ಲ, ಎರಡು ದಿನ ಬರುತ್ತೇನೆ ಅಂತ ಈಗಲೇ ಮೇಲ್ ಹಾಕಿ.

ಆಮೇಲೆ ನಾಣ್ಯ. ಟೈಲ್ಸ್ ಮೇಲೆ ಕುಟ್ಟುತ್ತಾ ಹೋಗಿ. ಗಾರೆ ತುಂಬಿದ್ದರೆ ಗಟ್ಟಿ ಸದ್ದು. ಟೊಳ್ಳಾಗಿದ್ದರೆ ಡಬ್ ಅನ್ನುತ್ತದೆ. ಮಧ್ಯದಲ್ಲಿ ಒಂದೆರಡು ಅಂದರೆ ನಾನು ಬಿಟ್ಟುಬಿಡುತ್ತಿದ್ದೆ. ಮೂಲೆಗಳಲ್ಲಿ, ಮಂಚ, ಬೀರು, ವಾಷಿಂಗ್ ಮೆಷಿನ್ ಬರುವ ಜಾಗದಲ್ಲಿ ಟೊಳ್ಳಿದ್ದರೆ ಬಿಡಬೇಡಿ, ಒಂದು ದಿನ ಒಡೆಯುತ್ತದೆ.

ಮೈವಾನ್‌ನಲ್ಲಿ ಮಾತ್ರ ಇರುವ ಇನ್ನೊಂದು ಸಮಸ್ಯೆ ಇದೆ, ಇದನ್ನು ಯಾರೂ ನಿಮಗೆ ಹೇಳುವುದಿಲ್ಲ. ಎರಡು ಬದಿಯ ಅಚ್ಚು ಹಿಡಿದಿಡೋಕೆ ಗೋಡೆಯ ಅಡ್ಡಡ್ಡ ಪಟ್ಟಿ ಹಾಕಿರುತ್ತಾರೆ. ಅಚ್ಚು ಬಿಚ್ಚಿದ ಮೇಲೆ ಆ ಪಟ್ಟಿಯ ತೂತುಗಳು ಉಳಿಯುತ್ತವೆ, ಟೈ ಹೋಲ್ ಅನ್ನುತ್ತೇವೆ. ಆಳದವರೆಗೆ ಸರಿಯಾಗಿ ತುಂಬಬೇಕು. ಎಷ್ಟೋ ಕಡೆ ಮೇಲೆ ಪುಟ್ಟಿ ಸವರಿ ಬಣ್ಣ ಹೊಡೆದಿರುತ್ತಾರೆ. ಹೊರಗೋಡೆಗೆ ಗಾಳಿ ಮಳೆ ಬಡಿದಾಗ ನೀರು ಆ ತೂತಿನಲ್ಲೇ ಒಳಗೆ ಬರುತ್ತದೆ. ಹೊರಗೋಡೆಯ ಒಳಬದಿಯಲ್ಲಿ ಒಂದೇ ಸಾಲಿನಲ್ಲಿ, ಸಮ ಅಂತರದಲ್ಲಿ ದುಂಡಗೆ ತೇವದ ಕಲೆ ಅಥವಾ ಉಬ್ಬಿದ ಬಣ್ಣ ಕಂಡರೆ ಇದೇ ಕಾರಣ. ಟಾರ್ಚ್ ಅನ್ನು ಗೋಡೆಗೆ ಒರಗಿಸಿ ಬೆಳಕು ಬಿಟ್ಟರೆ ಚೆನ್ನಾಗಿ ಕಾಣುತ್ತದೆ. ಕಿಟಕಿಯ ಕೆಳಗಿನ ಕಲ್ಲು ಹೊರಗಡೆಗೆ ಸ್ವಲ್ಪ ವಾಟ ಇರಬೇಕು. ಕಿಟಕಿಯ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಚೌಕಟ್ಟಿನ ಕೆಳಗೆ ನೀರು ಹೋಗೋಕೆ ಸಣ್ಣ ಕಂಡಿ ಇರುತ್ತದೆ, ಅದರಲ್ಲಿ ಸಿಮೆಂಟ್ ತುಂಬಿಕೊಂಡಿದೆಯಾ ನೋಡಿ.

ಕರೆಂಟ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಡಿಬಿಯಲ್ಲಿ, ಅಂದರೆ ಮನೆಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆಯಲ್ಲಿ, ಟೆಸ್ಟ್ ಬಟನ್ ಒತ್ತಿದರೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಟಪ್ ಅಂತ ಬೀಳಬೇಕು. ಆದರೆ ಅದು ಬಿತ್ತು ಅಂದ ಮಾತ್ರಕ್ಕೆ ಪ್ಲಗ್‌ಗಳಿಗೆ ಅರ್ಥಿಂಗ್ ಬಂದಿದೆ ಅಂತಲ್ಲ. ಅದಕ್ಕೇ ಮೂರು ಪಿನ್ನಿನ ಟೆಸ್ಟರ್. ಒಂದೂ ಬಿಡದೆ ಪ್ರತಿ ಪ್ಲಗ್‌ಗೂ ಹಾಕಿ ನೋಡಿ. ಗೀಸರ್, ಎಸಿ, ಫ್ರಿಜ್‌ಗೆ ಪಾಯಿಂಟ್ ಎಲ್ಲಿದೆ ಅಂತ ಈಗಲೇ ಎಣಿಸಿಕೊಳ್ಳಿ. ಕಾಂಕ್ರೀಟ್ ಗೋಡೆಯನ್ನು ಕೊರೆದು ಆಮೇಲೆ ಪಾಯಿಂಟ್ ಬದಲಿಸುವುದು ಬೇಡ.

ಗೋಡೆ ಲೆವೆಲ್, ಬಣ್ಣದ ಅಲೆ, ಬಾಗಿಲ ಪಾಲಿಶ್ ಇವುಗಳ ಮೇಲೆ ಜನ ಮುಕ್ಕಾಲು ಗಂಟೆ ಕಳೆಯುತ್ತಾರೆ. ಹತ್ತಡಿ ಗೋಡೆ ಅರ್ಧ ಸೆಂಟಿಮೀಟರ್ ವಾಲಿದರೆ ಮಲಗಿದವರಿಗೆ ಗೊತ್ತಾಗುವುದಿಲ್ಲ. ನನ್ನ ಹೆಸರೇ ರಸಮಟ್ಟ (ಲೆವೆಲ್ ನೋಡುವ ಸಾಧನ) ಅಂತ ಇಟ್ಟುಕೊಂಡು ಈ ಮಾತು ಹೇಳುತ್ತಿದ್ದೇನೆ, ನಗಬೇಡಿ.

ಒಂಬತ್ತನೇ_ಮಹಡಿ:

ರಸಮಟ್ಟ ಸರ್ ಹೇಳಿದ ಸಾಲು ಸಾಲು ಕಲೆ ನಮ್ಮ ಮನೆಯಲ್ಲಿದೆ! ಎರಡು ವರ್ಷದಿಂದ ಮಕ್ಕಳ ರೂಮಿನ ಗೋಡೆಗೆ ಮೂರು ಸಲ ಬಣ್ಣ ಹೊಡೆದು ಹೋಗಿದ್ದಾರೆ. ಪ್ರತಿ ಅಕ್ಟೋಬರ್ ಮಳೆಗೆ ವಾಪಸ್ ಬರುತ್ತದೆ. "ಗಾಳಿ ಆಡಲಿ, ಕಿಟಕಿ ತೆಗೆದಿಡಿ" ಅಂತ ನಮಗೇ ಬುದ್ಧಿ ಹೇಳಿದ್ದರು. ಇವತ್ತು ಅಳತೆ ಪಟ್ಟಿ ಹಿಡಿದು ನೋಡಿದೆ. ಕಲೆಗಳ ನಡುವೆ ಅಂತರ ಒಂದೇ. ಹೊರಗಡೆಯಿಂದ ರಿಪೇರಿ ಮಾಡಿಸೋಕೆ ಈಗ ಕಾಲ ಮೀರಿತಾ? ಕಾನೂನಿನಲ್ಲಿ ಏನಾದರೂ ಇದೆಯಾ?

ಇನ್ನೊಂದು ಸಂದೇಹ. ಕಾಂಕ್ರೀಟೇ ಕೆಟ್ಟದಾಗಿದ್ದರೆ ನಾವು ಹೇಗೆ ಕಂಡುಹಿಡಿಯೋದು?

ರಸಮಟ್ಟ:

ಕಾಲ ಮೀರಿಲ್ಲ ಮೇಡಂ. 2016ರ ರೇರಾ ಕಾಯ್ದೆಯ (ಬಿಲ್ಡರ್‌ಗಳ ಮೇಲೆ ಹಿಡಿತ ಇಡುವ ರಿಯಲ್ ಎಸ್ಟೇಟ್ ಕಾಯ್ದೆ) 14ನೇ ಸೆಕ್ಷನ್ ಓದಿಕೊಳ್ಳಿ. ಮನೆ ಕೈಗೆ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ಅಥವಾ ಕೆಲಸಗಾರಿಕೆಯ ದೋಷ ತೋರಿಸಿದರೆ 30 ದಿನದಲ್ಲಿ ಅವರ ಖರ್ಚಿನಲ್ಲೇ ಸರಿ ಮಾಡಿಕೊಡಬೇಕು. ವಾಟ್ಸಾಪ್ ಮಾತು ಬೇಡ, ಮೇಲ್‌ನಲ್ಲಿ ಫೋಟೊ ಸಮೇತ ಬರೆಯಿರಿ. "ಬಣ್ಣ ಹೋಗಿದೆ" ಅಂತ ಬರೆದರೆ ಬಣ್ಣ ಹೊಡೆದು ಹೋಗುತ್ತಾರೆ. "ಹೊರಗೋಡೆಯ ಟೈ ಹೋಲ್‌ನಿಂದ ನೀರು ಒಳಗೆ ಬರುತ್ತಿದೆ" ಅಂತ ಬರೆಯಿರಿ. ನಿಮ್ಮ ಸಾಲಿನ ಬೇರೆ ಮನೆಯವರೂ ಸೇರಿದರೆ ಹಗ್ಗ ಕಟ್ಟಿ ಆಳು ಇಳಿಸಿ ಇಡೀ ಗೋಡೆಯನ್ನೇ ಸರಿ ಮಾಡಿಸಬೇಕಾಗುತ್ತದೆ.

ಕಾಂಕ್ರೀಟ್ ಬಗ್ಗೆ: ಸುರಿಯುವಾಗ 15 ಸೆಂಟಿಮೀಟರಿನ ಕ್ಯೂಬ್ ತೆಗೆದಿಟ್ಟು 7ನೇ ದಿನ, 28ನೇ ದಿನ ಒತ್ತಿ ಒಡೆದು ನೋಡುತ್ತಾರೆ. ಎಂ25 ದರ್ಜೆಯ ಕಾಂಕ್ರೀಟ್ ಅಂದರೆ 28 ದಿನಕ್ಕೆ ಚದರ ಮಿಲಿಮೀಟರಿಗೆ 25 ನ್ಯೂಟನ್ ತಡೆಯಬೇಕು ಅಂತ. ಆ ರಿಪೋರ್ಟ್ ಕೇಳಿ ಪಡೆಯಿರಿ. ಆದರೆ ಫೈಲ್‌ನಲ್ಲಿ ಫೇಲ್ ಆದ ಕ್ಯೂಬ್ ನಾನು ನೋಡಿದ್ದು ತುಂಬಾ ಕಡಿಮೆ, ಅರ್ಥ ಮಾಡಿಕೊಳ್ಳಿ. 2022ರ ಫೆಬ್ರವರಿಯಲ್ಲಿ ಗುರುಗ್ರಾಮದ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಸ್ಲ್ಯಾಬ್ ಕುಸಿದು ಇಬ್ಬರು ತೀರಿಕೊಂಡರಲ್ಲ, ಆಮೇಲೆ ಐಐಟಿ ದೆಹಲಿಯವರು ಪರೀಕ್ಷೆ ಮಾಡಿದಾಗ ಕಾಂಕ್ರೀಟಿನಲ್ಲಿ ಕ್ಲೋರೈಡ್ (ಕಂಬಿಗೆ ತುಕ್ಕು ಹಿಡಿಸುವ ಉಪ್ಪಿನ ಅಂಶ) ಸಿಕ್ಕಿತು. ಕಂಬಿ ಒಳಗೇ ತುಕ್ಕು ಹಿಡಿದಿತ್ತು. ಅಂಥದ್ದು ಬಕೆಟ್, ನಾಣ್ಯಕ್ಕೆ ಸಿಗುವುದಿಲ್ಲ. ಸೂರಿನಲ್ಲಿ ಕಂಬಿ ಇದ್ದ ಕಡೆ ಉದ್ದುದ್ದಕ್ಕೆ ಬಿರುಕು, ತುಕ್ಕಿನ ನೀರು, ಉದುರುವ ಪದರ ಕಂಡರೆ ಒಂದು ದಿನವೂ ಕಾಯಬೇಡಿ. ನಿವಾಸಿಗಳ ಸಂಘದ ಕಡೆಯಿಂದ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

ಹಾಂ, ಬೆಣ್ಣೆದೋಸೆ ಮೇಡಂ, ಓಸಿ (ವಾಸಕ್ಕೆ ಯೋಗ್ಯ ಅನ್ನುವ ಸರ್ಕಾರಿ ಪ್ರಮಾಣಪತ್ರ) ಬಂದಿದೆಯಾ? ಅದರ ಪ್ರತಿ ಮೊದಲು ಕೇಳಿ. ಸಹಿ ಹಾಕುವ ಕಾಗದದಲ್ಲಿ "ಎಲ್ಲ ತೃಪ್ತಿಕರವಾಗಿದೆ" ಅನ್ನುವ ಸಾಲಿದ್ದರೆ ಗೀಟು ಹೊಡೆದು, ಟೇಪ್ ಅಂಟಿಸಿದ ಜಾಗಗಳ ಪಟ್ಟಿ ಬರೆದು ಆಮೇಲೆ ಸಹಿ ಹಾಕಿ.

ಬೆಣ್ಣೆದೋಸೆ:

ಹೋಗಿ ಬಂದೆವು. ಓಸಿ ಪ್ರತಿ ಕೊಟ್ಟರು. ಮಾವನೂ ದಾವಣಗೆರೆಯಿಂದ ಬಂದಿದ್ದರು, ಬಕೆಟ್ ಅವರ ಕೈಯಲ್ಲೇ ಇತ್ತು.

ಕಿಟಕಿ ಬಿರುಕಿಗೆ ಕಾರ್ಡ್ ಇಳಿಯಲಿಲ್ಲ. 604ರವರ ಮನೆಯಲ್ಲೂ ಅದೇ ಜಾಗದಲ್ಲಿ ಅಷ್ಟೇ ಉದ್ದದ ಬಿರುಕಿದೆ. ಅವರು ಅದರ ಮೇಲೆ ಕ್ಯಾಲೆಂಡರ್ ಹಾಕಿದ್ದಾರೆ! ಬಾತ್‌ರೂಮ್ ಎರಡೂ ವಾಟ ಸರಿಯಿದೆ. ಯುಟಿಲಿಟಿ ಮಾತ್ರ ಕೆಟ್ಟದಾಗಿದೆ. ನೀರು ಜಾಲರಿ ಬಿಟ್ಟು ನೇರ ಅಡುಗೆಮನೆ ಹೊಸ್ತಿಲಿಗೆ ಬಂತು. ಜೊತೆಗಿದ್ದ ಹುಡುಗ "ಮಾಪ್ ಹಾಕಿದರೆ ಆಯಿತು ಮೇಡಂ" ಅಂದ. ಮಾವ ಏನೂ ಮಾತಾಡಲಿಲ್ಲ, ಇನ್ನೊಂದು ಬಕೆಟ್ ಸುರಿದರು. ಆಮೇಲೆ ಅವನೇ ಮೇಲಿನವರಿಗೆ ಫೋನ್ ಮಾಡಿದ. 1204, 1304ರಲ್ಲೂ ಇದೇ ಕಥೆಯಂತೆ, ಮೂರಕ್ಕೂ ಒಂದೇ ಗುಂಪಿನವರು ಟೈಲ್ಸ್ ಹಾಕಿದ್ದರಂತೆ. ಮೂರೂ ಕಿತ್ತು ಹಾಕಿಕೊಡುತ್ತೇವೆ ಅಂತ ಬರೆದು ಕೊಟ್ಟಿದ್ದಾರೆ. ಟೊಳ್ಳು ಟೈಲ್ಸ್ ಒಟ್ಟು ಹದಿನೇಳು, ಅದರಲ್ಲಿ ಆರು ಬದಲಿಸಲು ಒಪ್ಪಿದರು. ಮಾಸ್ಟರ್ ಬೆಡ್‌ರೂಮಿನ ಎರಡು ಪ್ಲಗ್‌ಗೆ ಅರ್ಥಿಂಗ್ ಇರಲಿಲ್ಲ.

ಕೀ ಇನ್ನೂ ತಗೊಂಡಿಲ್ಲ. ಬಾತ್‌ರೂಮಿನಲ್ಲಿ ನೀರು ನಿಲ್ಲಿಸುವುದಕ್ಕೆ ಶುಕ್ರವಾರ ಒಪ್ಪಿದ್ದಾರೆ. ಶನಿವಾರ ಬೆಳಗ್ಗೆ 1004ರ ಅಂಕಲ್ ತಮ್ಮ ಬಾತ್‌ರೂಮ್ ಸೂರು ತೋರಿಸುತ್ತೇನೆ ಅಂದಿದ್ದಾರೆ. ಅವರದು ಶಿವಮೊಗ್ಗ ಕಡೆ. ಮಾವನನ್ನು ಕಾಫಿಗೂ ಕರೆದಿದ್ದಾರೆ.